ಕೈ ಚಾಚಿ ನಿಲ್ಲುವ ಕೆಲಸ

ಬೇಸಿಗೆಯಲ್ಲಿ ನಮ್ಮ ಸಂಘಕ್ಕೆ ನಿಯಮ ಒಂದೇ:
ಬಿಸಿಲಿಗಿಂತ ಮೊದಲು ಬಂಡೆ ಮುಟ್ಟಬೇಕು.
ಬಳ್ಳಾರಿಯ ಕಲ್ಲು ಏಪ್ರಿಲ್‌ನಲ್ಲಿ
ಒಂಬತ್ತು ಗಂಟೆಗೆಲ್ಲ ಕಾದ ಹಂಚು,
ಅಂಗೈ ಇಟ್ಟರೆ ಅಂಗೈಯೇ ರೊಟ್ಟಿ.
ಅದಕ್ಕೇ ನಸುಕಿನ ನಾಲ್ಕಕ್ಕೆ ಮೋತಿ ವೃತ್ತದಲ್ಲಿ
ಹದಿನಾಲ್ಕು ಜನ, ಆರು ಬೈಕು,
ಆಕಳಿಸುತ್ತ ನಿಂತ ಒಂದು ಆಟೋ,
ಅದರ ನೆತ್ತಿಯ ಮೇಲೆ ಬಿಗಿದು ಕಟ್ಟಿದ ಗಾದಿ.

ಗಾದಿ ಹೊಲಿದವನು ದಾದಾ ಖಲಂದರ್.
ಕೌಲ್ ಬಜಾರಿನಲ್ಲಿ ಕತ್ತರಿಸಿ ಉಳಿದ ಜೀನ್ಸ್ ತುಂಡುಗಳು,
ಒಂದೇ ನೀಲಿಯಲ್ಲಿ ಹತ್ತು ನೀಲಿ,
ಮೂಲೆಯಲ್ಲಿ ಒಂದು ಜೇಬನ್ನೂ ಬಿಟ್ಟಿದ್ದಾನೆ.
ದೊಡ್ಡವರು ಅದರಲ್ಲಿ ಸುಣ್ಣದ ಪುಡಿ ಇಡುತ್ತಾರೆ,
ಹುಡುಗರು ಹುಣಸೆಬೀಜ.

ನಾನು ಖಜಾಂಚಿ, ಹನ್ನೊಂದು ವರ್ಷದಿಂದ.
ನನ್ನ ಪುಸ್ತಕದಲ್ಲಿ ಸಂಘದ ಚರಿತ್ರೆ ಇಷ್ಟು:
ಹಗ್ಗ, ಅರವತ್ತು ಮೀಟರು.
ಹತ್ತಿ, ಅಯೋಡಿನ್.
ಒಗ್ಗರಣೆ ಮಂಡಕ್ಕಿ, ಮಿರ್ಚಿ, ಮತ್ತೆ ಮಿರ್ಚಿ.
ಎರ್ರಿಸ್ವಾಮಿ ಮೇಷ್ಟ್ರ ವಂತಿಗೆ ಬಾಕಿ.
ಹೊನ್ನೂರಬಿಯ ಮದುವೆಗೆ ಸ್ಟೀಲಿನ ಕೊಡ, ಹೆಸರು ಕೊರೆಸಿದ್ದಕ್ಕೆ ಬೇರೆ ಐವತ್ತು.
ಎರ್ರಿಸ್ವಾಮಿ ಮೇಷ್ಟ್ರ ವಂತಿಗೆ ಬಾಕಿ.

ಸಂಗನಕಲ್ಲಿನ ಗುಡ್ಡದ ಹತ್ತಿರ ಇಳಿದಾಗ ಇನ್ನೂ ಕತ್ತಲೆ.
ಇಲ್ಲಿ ಕೆಲವು ಕಲ್ಲು ಬಡಿದರೆ
ಕಂಚಿನ ತಟ್ಟೆ ಕೈಜಾರಿ ಬಿದ್ದಂತೆ ಸದ್ದು.
ಯಾವ ಕಾಲದವನೋ ಒಬ್ಬ
ಕಲ್ಲಿನಿಂದ ಕಲ್ಲು ಕುಟ್ಟಿ ಗೂಳಿ ಮೂಡಿಸಿದ್ದಾನೆ,
ಕೊಂಬು ಉದ್ದ, ಕಾಲು ಅವಸರದ್ದು.
ಚಿತ್ರವಿರುವ ಬಂಡೆ ನಾವು ಹತ್ತುವುದಿಲ್ಲ,
ಬ್ಯಾಟರಿ ಬೆಳಕು ಒಮ್ಮೆ ತೋರಿಸಿ ಮುಂದೆ ಹೋಗುತ್ತೇವೆ,
ಮನೆಯ ಹಿರಿಯರು ಎದ್ದಿದ್ದಾರೋ ಇಲ್ಲವೋ ಇಣುಕಿದ ಹಾಗೆ.

ವನ್ನೂರಪ್ಪ ವಾರದಲ್ಲಿ ಆರು ದಿನ
ಕ್ರಷರಿನಿಂದ ಜಲ್ಲಿ ಸಾಗಿಸುತ್ತಾನೆ.
ಏಳನೆಯ ದಿನ ಗುಡ್ಡಕ್ಕೆ ಕೆನ್ನೆಯೊತ್ತಿ
ಬೆರಳ ತುದಿಯಿಂದ ಬಿರುಕು ಹುಡುಕುತ್ತಾನೆ.
ಸಭೆಯಲ್ಲಿ ಯಾರೋ ಇದನ್ನು ಎತ್ತಿದರು.
ಅವನು ಟೀ ಕುಡಿದು ಮುಗಿಸಿ,
ಲೋಟ ತೊಳೆದಿಟ್ಟು,
'ಹೊಟ್ಟಿ ಬ್ಯಾರೆ, ಕೈ ಬ್ಯಾರೆ ಏನ್ರಿ?' ಅಂದ.
ನಿರ್ಣಯ ಬರೆಯದೆ ಪುಸ್ತಕ ಮುಚ್ಚಿದೆ.

ಎರಡು ಬೇಸಿಗೆಯಿಂದ ಖಲಂದರ್ ಹತ್ತುವುದಿಲ್ಲ.
ಮೂವತ್ತು ವರ್ಷ ಮಷೀನು ತುಳಿದ ಮಂಡಿ,
ಡಾಕ್ಟರು ಮೆಟ್ಟಿಲನ್ನೂ ಬೇಡವೆಂದಿದ್ದಾರೆ.
ಆದರೂ ನಾಲ್ಕಕ್ಕೆ ಅವನೇ ಮೊದಲು.
ಗಾದಿ ಹಾಸುತ್ತಾನೆ, ಕಾಲಿನಿಂದ ಒಮ್ಮೆ ಸರಿಪಡಿಸಿ
ಬಂಡೆಯ ಕೆಳಗೆ ಎರಡು ಕೈ ಎತ್ತಿ ನಿಲ್ಲುತ್ತಾನೆ,
ದುವಾ ಕೇಳುವವನಂತೆಯೂ ಅಲ್ಲ,
ಮಗುವನ್ನು ಕರೆಯುವವನಂತೆಯೂ ಅಲ್ಲ.

ನಾನು ಬಿದ್ದದ್ದು ಯುಗಾದಿಯ ಮರುವಾರ.
ಕೈ ಬೆವರಿತ್ತು, ಅಷ್ಟೇ.
ಬೆನ್ನಿಗೆ ಏನೋ ತಾಗಿತು,
ಕಣ್ಣು ಬಿಟ್ಟರೆ ಗಾದಿಯ ಮೇಲೆ ಕೂತಿದ್ದೆ, ಸೀರೆಯ ಕಾಲದಿಂದ
ಪ್ಯಾಂಟಿನ ಕಾಲದವರೆಗೆ ಎಲ್ಲ ದೇವರ ಹೆಸರೂ ಬಾಯಲ್ಲಿ.
'ಹಿಡಿದೇಬಿಟ್ಟೆಯಲ್ಲೋ' ಅಂದೆ.
'ಹಿಡಿಯೋದಲ್ಲ ಅಕ್ಕಾ, ಅರವತ್ತು ಕೇಜಿ ಯಾರು ಹಿಡೀತಾರ?
ಸ್ವಲ್ಪ ಈ ಕಡಿ ತಳ್ಳಿದೆ.
ಬೀಳೋರಿಗೂ ಒಂದು ದಾರಿ ಬೇಕಾಗ್ತದ.'
ಅರವತ್ತಲ್ಲ, ಅರವತ್ತೆಂಟು.
ಅದನ್ನು ನಾನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ
ಅವನು ಆದೋನಿಗೆ ಹೋಗಿದ್ದ, ಮಗಳ ಬಾಣಂತನ.
ಗಾದಿ ಮಾತ್ರ ಬಂದಿತ್ತು.
ಹಾಸಿದೆವು. ಯಾರೂ ಬೂಟು ಕಟ್ಟಲಿಲ್ಲ.
ಗಾಳಿ ಆಗಲೇ ಬಿಸಿ, ಪೂರ್ವ ಕೆಂಪು,
ದೂರದಲ್ಲಿ ಕುಡಿತಿನಿಯ ಹೊಗೆಕೊಳವೆ.
ಆಮೇಲೆ ಮೇಷ್ಟ್ರು ಶುರುಮಾಡಿದರು,
ಗೊತ್ತಿಲ್ಲದೆ ನಾನು ಹೋಗಿ ಅವನ ಜಾಗದಲ್ಲಿ ನಿಂತೆ.

ಕೈ ಎತ್ತಿ ನಿಲ್ಲುವುದು ಹತ್ತುವುದಕ್ಕಿಂತ ಕಷ್ಟ.
ತೋಳು ನೋಯುತ್ತದೆ, ಕತ್ತು ನೋಯುತ್ತದೆ,
ಮೇಲಿನವರ ಅಂಗಾಲು ಬಿಟ್ಟು ಬೇರೆ ಲೋಕ ಕಾಣುವುದಿಲ್ಲ.
ಹತ್ತಡಿಯ ಮೇಲೆ ಮೇಷ್ಟ್ರ ಎಡಗಾಲು ನಡುಗತೊಡಗಿತು,
ಟಕಟಕಟಕ, ಹೊಲಿಗೆ ಯಂತ್ರ.
ಖಲಂದರ್ ಇದ್ದಿದ್ದರೆ ಹೇಳುತ್ತಿದ್ದ:
'ಮಷೀನು ಓಡಾಕತ್ತೈತಿ, ದಾರ ತೀರೋದ್ರಾಗ ಮ್ಯಾಲೆ ಹೋಗ್ರಿ.'
ನನ್ನ ಬಾಯಿಗೆ ಬಂದದ್ದು ಬೇರೆ:
'ಮೇಷ್ಟ್ರೇ, ಎರಡು ವರ್ಷದ ವಂತಿಗೆ!'

ಬಂಡೆಗೆ ಅಂಟಿಕೊಂಡೇ ಅವರು ನಕ್ಕರು.
ನಗುತ್ತ ಬಲಗೈ ಚಾಚಿದರು.
ಸಿಕ್ಕಿತೋ ಇಲ್ಲವೋ ಕೆಳಗಿನಿಂದ ಕಾಣಲಿಲ್ಲ,
ನನ್ನ ಕೈಗಳು ಇನ್ನೂ ಮೇಲಿದ್ದವು.